ಎಕ್ಕದ ಗಿಡದ ಮಿಡತೆಗೆ ಭತ್ತದ ಗದ್ದೆಯಲ್ಲಿ ಔಷಧಿ ಬೇಡ
ಮಾನ್ಯರೇ, ಮದ್ದೂರಿನ ನಿಮ್ಮ ಗದ್ದೆಯ ಬದುವಿನಲ್ಲಿ ಎಕ್ಕದ ಗಿಡಕ್ಕೆ ಮುತ್ತಿರುವ, ಹಳದಿ ಮೈಯ ಮೇಲೆ ನೀಲಿ ಪಟ್ಟೆಗಳುಳ್ಳ ಮಿಡತೆಗಳು 2020ರಲ್ಲಿ ರಾಜಸ್ಥಾನಕ್ಕೆ ದಾಳಿಯಿಟ್ಟ ಜಾತಿಯವೇ, ಭತ್ತಕ್ಕೆ ಈಗಲೇ ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ಅವು ಬೇರೆ ಜಾತಿಯವು, ದಯವಿಟ್ಟು ಹೊಡೆಯಬೇಡಿ. ಇವು ಮುಖ್ಯವಾಗಿ ಎಕ್ಕದ ಎಲೆಯನ್ನೇ ತಿಂದು ಬದುಕುವ ಮಿಡತೆಗಳು.

ರಾಜಸ್ಥಾನಕ್ಕೆ ದಾಳಿಯಿಟ್ಟ ಮರುಭೂಮಿ ಮಿಡತೆಯ ಕಥೆ ಬೇರೆ. 2018ರಲ್ಲಿ ಮೆಕುನು, ಲುಬಾನ್ ಎಂಬ ಎರಡು ಚಂಡಮಾರುತಗಳು ಅರೇಬಿಯಾದ ಮರಳುಗಾಡಿನಲ್ಲಿ ಸುರಿಸಿದ ಮಳೆಯಿಂದ ಒದ್ದೆಯಾದ ಮರಳಿನಲ್ಲಿ ಅವು ತಲೆಮಾರಿನ ಮೇಲೆ ತಲೆಮಾರು ಮೊಟ್ಟೆಯಿಟ್ಟು ಬೆಳೆದದ್ದೇ ಆ ಹಾವಳಿಗೆ ಮೂಲ. ಒಂದು ಚದರ ಕಿಲೋಮೀಟರಿನ ಹಿಂಡಿನಲ್ಲಿ 4ರಿಂದ 8 ಕೋಟಿ ಮಿಡತೆಗಳಿರಬಲ್ಲವು. ಅರಬ್ಬೀ ಸಮುದ್ರ ಬಿಸಿಯಾದಷ್ಟೂ ಇಂಥ ಚಂಡಮಾರುತಗಳ ಬಲ ಹೆಚ್ಚುವುದರಿಂದ ನಿಮ್ಮ ಆತಂಕ ಅರ್ಥವಾಗುವಂಥದ್ದೇ. ಆದರೆ ಅವುಗಳನ್ನು ಹತ್ತಿಕ್ಕಬೇಕಾದದ್ದು ಮರಿಗಳಿಗೆ ರೆಕ್ಕೆ ಬಲಿಯುವ ಮುನ್ನ, ಅವು ಹುಟ್ಟಿದ ನೆಲದಲ್ಲಿಯೇ.

ನಿಮ್ಮ ಪೈರಿಗೆ ನಿಜವಾಗಿ ಕಾಟ ಕೊಡಬಲ್ಲದ್ದು ಭತ್ತದ ಹಸಿರು ಮಿಡತೆ. ಅದು ಬದುವಿನ ಮಣ್ಣಿನೊಳಗೇ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಬದುವನ್ನು ಸನಿಕೆಯಿಂದ ಕೆತ್ತಿದರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಉಳಿದವನ್ನು ಹಕ್ಕಿಗಳು ಹೆಕ್ಕುತ್ತವೆ.