ಟ್ರೆಡ್ ಹೊಸದು ಅಂದ್ರೆ ಟೈರ್ ಹೊಸದಲ್ಲ

ಹಳೆ ಕಾರನ್ನು ಸ್ಟ್ಯಾಂಡಿಂಗ್ ಮೈಲ್ ಓಟಕ್ಕೆ ರೆಡಿ ಮಾಡುವವರ ಪ್ರಶ್ನೆಗಳು ಈ ಸಲ ರಾಶಿ ಬಿದ್ದಿವೆ. ನಿಂತಲ್ಲಿಂದ ಹೊರಟು 1,609 ಮೀಟರ್ ಮುಗಿಯುವಲ್ಲಿ ಕಾರು ಎಷ್ಟು ವೇಗ ಮುಟ್ಟಿತು ಅನ್ನುವುದೇ ಈ ಓಟದ ಲೆಕ್ಕ. ಇದಕ್ಕೆ ಇಳಿಯುವವರಿಗೆ ಸರ್ವಿಸ್ ಮಾಡಿಸಿ, ಎಂಜಿನ್ ಆಯಿಲ್ ಬದಲಿಸಿ ಅಂತ ನಾನು ಹೇಳಬೇಕಾಗಿಲ್ಲ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪವರ್ ಬಗ್ಗೆ. ಆದರೆ ನನ್ನ ನಿದ್ದೆ ಕೆಡಿಸುವುದು ಕೆಳಗಿನ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಕೇಳುವುದು ಮಾತ್ರ ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಪ್ರಶ್ನೆ: ನನ್ನದು 1990ರ ದಶಕದ ಸೆಡಾನ್. ಟೈರ್ ಹಾಕಿಸಿ 9 ವರ್ಷ ಆಯಿತು. ಆದರೆ ಕಾರು ಹೆಚ್ಚಾಗಿ ಶೆಡ್ಡಿನಲ್ಲೇ ಇತ್ತು, 4,000 ಕಿ.ಮೀ. ಕೂಡ ಓಡಿಲ್ಲ. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಮೈ, ಹೊಸದರ ಹಾಗೇ ಇದೆ. ವಿ ರೇಟಿಂಗ್ ಟೈರ್ (ಗಂಟೆಗೆ 240 ಕಿ.ಮೀ. ತನಕ), ನನ್ನ ಗುರಿ ಗಂಟೆಗೆ 230 ಕಿ.ಮೀ. ಒಂದೇ ಒಂದು ಸಲ ಓಡಿಸಿದರೆ ಏನಾಗುತ್ತದೆ?

ಓಡಿಸಬೇಡಿ. ಒಂದು ಸಲವೂ ಬೇಡ.

ಮೊದಲು ಕಾರಿನ ಕೆಳಗೆ ತೂರಿ, ಟಾರ್ಚ್ ಹಿಡಿದು ಟೈರಿನ ಒಳಮೈ ನೋಡಿ. ಡಿಓಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಎಷ್ಟೋ ಟೈರ್‌ಗಳಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದ ಟೈರ್ ಅದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಅದರ ಬಗ್ಗೆ ಮಾತೇ ಬೇಡ. ನೀವು ಹೇಳುತ್ತಿರುವ 9 ವರ್ಷ ಹಾಕಿಸಿದ ದಿನದಿಂದ ಲೆಕ್ಕ. ಅಂಗಡಿಯಲ್ಲಿ ಅದು ಅದಕ್ಕೂ ಮೊದಲು ಎಷ್ಟು ದಿನ ಕೂತಿತ್ತೋ!

ರಬ್ಬರ್ ಮುದಿಯಾಗುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿ ಮೂರೂ ಅದನ್ನು ದಿನಾ ತಿನ್ನುತ್ತಿರುತ್ತವೆ. ಟೈರ್ ಒಳಗೆ ಒತ್ತಡದಲ್ಲಿರುವ ಗಾಳಿ ಕೂಡ ನಿಧಾನವಾಗಿ ರಬ್ಬರಿನ ಮೂಲಕ ಹೊರಗೆ ಜಿನುಗುತ್ತದೆ. ಹೋಗುತ್ತಾ ಟ್ರೆಡ್ಡಿನ ಅಡಿಯ ಸ್ಟೀಲ್ ತಂತಿಯ ಪದರಗಳನ್ನು, ಅಂದರೆ ಸ್ಟೀಲ್ ಬೆಲ್ಟ್‌ಗಳನ್ನು ಹಿಡಿದಿರುವ ರಬ್ಬರನ್ನು ಗಡುಸು ಮಾಡುತ್ತದೆ. ರಬ್ಬರಿನಲ್ಲಿ ಬಿರುಕು ತಡೆಯುವ ಮೇಣ ಬೆರೆಸಿರುತ್ತಾರೆ. ಟೈರ್ ಉರುಳಿ ಮಡಚಿಕೊಂಡಾಗಲೇ ಅದು ಮೇಲಕ್ಕೆ ಬರುವುದು. ಹಾಗಾಗಿ ಶೆಡ್ಡಿನಲ್ಲಿ ಸುಮ್ನೆ ನಿಂತ ಟೈರಿಗೆ ರಕ್ಷಣೆ ಇನ್ನೂ ಕಡಿಮೆ. ನೀವು ಸಮಾಧಾನಕ್ಕೆ ಹೇಳಿಕೊಳ್ಳುತ್ತಿರುವ ಮಾತೇ ನಿಮ್ಮ ಟೈರಿನ ವಿರುದ್ಧದ ಸಾಕ್ಷಿ.

ಈಗ ಲೆಕ್ಕ ನೋಡಿ. 230ರಲ್ಲಿ ನಿಮ್ಮಂಥ ಸೆಡಾನ್‌ನ ಚಕ್ರ ಸೆಕೆಂಡಿಗೆ 32 ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಟ್ರೆಡ್ಡಿನ 10 ಗ್ರಾಂ ರಬ್ಬರ್ ತುಣುಕು ಆಗ ಹೆಚ್ಚುಕಡಿಮೆ 13 ಕಿಲೋ ತೂಗಿದ ಹಾಗೆ ಹೊರಗೆ ಜಗ್ಗುತ್ತದೆ. 80ರಲ್ಲಿ ಅದೇ ತುಣುಕು ಜಗ್ಗುವುದು ಒಂದೂವರೆ ಕಿಲೋದಷ್ಟು. ಊರೊಳಗೆ ಓಡಿಸಿದಾಗ ಏನೂ ಆಗಲಿಲ್ಲ ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಅಲ್ವಾ?

ಒಂದು ಸಲ ಓಟಕ್ಕೆ ಮುಂಚಿನ ತಪಾಸಣೆಯಲ್ಲಿದ್ದೆ. ಒಂದು ಕಾರಿನ ಟೈರ್‌ಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹೆಬ್ಬೆರಳಿನಿಂದ ಉಜ್ಜಿದೆ, ಕಪ್ಪು ಪಾಲಿಶ್ ಕೈಗೆ ಬಂತು. ಟ್ರೆಡ್ಡಿನ ತೋಡುಗಳ ತಳದಲ್ಲಿ ಕೂದಲೆಳೆಯಂಥ ಬಿರುಕು ಸಾಲಾಗಿ ಕಂಡವು. ಕಾರನ್ನು ವಾಪಸ್ ಕಳಿಸಿದೆ. ಮಾಲೀಕರು ನನ್ನ ಮೇಲೆ ಹರಿಹಾಯ್ದರು. ಆದರೆ ಮಾರನೇ ದಿನ ಅವರೇ ಒಂದು ಟೈರ್ ಬಿಚ್ಚಿಸಿಕೊಂಡು ಬಂದರು. ಇಬ್ಬರೂ ನಿಂತು ಗ್ರೈಂಡರ್‌ನಲ್ಲಿ ಅಡ್ಡಕ್ಕೆ ಕೊಯ್ದೆವು. ಟ್ರೆಡ್ಡಿನ ಅಂಚಿಗೆ, ಎರಡು ಸ್ಟೀಲ್ ಬೆಲ್ಟ್‌ಗಳ ನಡುವೆ, ನನ್ನ ಕಿರುಬೆರಳಿನ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಹೊರಗಿನಿಂದ ಅಲ್ಲಿ ಉಬ್ಬು ಇರಲಿಲ್ಲ, ಗುರುತೂ ಇರಲಿಲ್ಲ. ಬೂದಿ ಮುಚ್ಚಿದ ಕೆಂಡ ಅನ್ನುವುದು ಇದಕ್ಕೇ. ಅವರು ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ರಬ್ಬರಿಗೆ ಮತ್ತೆ ಜೀವ ಕೊಡುತ್ತದೆ ಅಂತ ಎಣ್ಣೆ, ಸ್ಪ್ರೇ ಮಾರುವವರಿದ್ದಾರೆ. ಜನರ ಕಣ್ಣಿಗೆ ಮಣ್ಣೆರಚುವ ಕೆಲಸ ಅದು. ಗಡುಸಾದ ರಬ್ಬರನ್ನು ಯಾವ ಡಬ್ಬಿಯೂ ಮೆತ್ತಗೆ ಮಾಡುವುದಿಲ್ಲ.

ನಟ ಪಾಲ್ ವಾಕರ್ 2013ರಲ್ಲಿ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಕಾರು ಪೋರ್ಷೆ ಕರೆರಾ ಜಿಟಿ. ಅತಿ ವೇಗವೇ ಕಾರಣ ಅಂತ ತನಿಖೆಯಲ್ಲಿ ಹೇಳಿದರು. ಜೊತೆಗೆ ಟೈರ್‌ಗಳಿಗೆ 9 ವರ್ಷ ಆಗಿತ್ತು, ಅದರಿಂದಲೂ ಕಾರಿನ ಹಿಡಿತ ಕೆಟ್ಟಿರಬಹುದು ಅಂದರು. ಅವರು ಲೆಕ್ಕ ಹಾಕಿದ ವೇಗ ಗಂಟೆಗೆ 129ರಿಂದ 150 ಕಿ.ಮೀ. ನಿಮ್ಮ ಗುರಿ 230.

ಇನ್ನು ರೇಟಿಂಗ್. ಎಚ್ ಅಂದರೆ 210, ವಿ ಅಂದರೆ 240, ಡಬ್ಲ್ಯು ಅಂದರೆ 270, ವೈ ಅಂದರೆ 300 ಕಿ.ಮೀ. ಈ ಅಂಕಿ ಹೊಸ ಟೈರಿಗೆ, ಸರಿಯಾದ ಗಾಳಿ ಇದ್ದಾಗ. ವಿ ಟೈರ್ 210 ದಾಟಿದ ಮೇಲೆ ಹೊರಬಹುದಾದ ಭಾರವೂ ಇಳಿಯುತ್ತಾ ಹೋಗುತ್ತದೆ. 240ರಲ್ಲಿ ಅದಕ್ಕೆ ಪೂರ್ತಿ ಭಾರದ 91 ಶೇಕಡಾ ಮಾತ್ರ ಹೊರಿಸಬಹುದು. 230ಕ್ಕೆ ಹೊರಟವರಿಗೆ ನಾನು ಡಬ್ಲ್ಯು ಹಾಕಿಸುತ್ತೇನೆ. ಸಾಮಾನ್ಯ ರಸ್ತೆಗೆ 10 ವರ್ಷವೇ ಕೊನೆ ಅಂತ ಹಲವು ಟೈರ್ ಕಂಪನಿಗಳು ಹೇಳುತ್ತವೆ. ಈ ಓಟಕ್ಕೆ ನನ್ನ ಮಿತಿ 5. ಜಾಸ್ತಿ ಹೆದರುತ್ತೀರಿ ಅಂತ ಕೆಲವರು ಅನ್ನುತ್ತಾರೆ. ಹೌದು, ಹೆದರುತ್ತೇನೆ.

ಗಾಳಿ ಕಡಿಮೆ ಇದ್ದರೆ ಹೊಸ ಟೈರೂ ಉಳಿಯುವುದಿಲ್ಲ. ನೆಲಕ್ಕೆ ಒತ್ತಿ ಚಪ್ಪಟೆಯಾದ ಭಾಗ ಮೊದಲಿನ ಆಕಾರಕ್ಕೆ ಬರುವಷ್ಟರಲ್ಲಿ ಚಕ್ರ ಮತ್ತೆ ಸುತ್ತಿ ಬಂದಿರುತ್ತದೆ. ಆಗ ಟೈರಿನ ಮೈಮೇಲೆ ಅಲೆ ಏಳುತ್ತದೆ. ಆ ಅಲೆಯ ಬಿಸಿಗೆ ಟೈರ್ ಕೆಲವೇ ನಿಮಿಷದಲ್ಲಿ ಚಿಂದಿಯಾಗುತ್ತದೆ. ಎಷ್ಟು ಗಾಳಿ ಅಂತ ನೆರೆಯವರನ್ನು ಕೇಳಬೇಡಿ. ಟೈರ್ ಕಂಪನಿಯ ಹೆಚ್ಚಿನ ವೇಗದ ಪಟ್ಟಿ ನೋಡಿ, ಟೈರ್ ತಣ್ಣಗಿದ್ದಾಗ ತುಂಬಿಸಿ.

ಗಾಳಿ ತುಂಬುವ ವಾಲ್ವ್ ಮರೆಯಬೇಡಿ. ಹೊಸ ಟೈರ್ ಹಾಕಿಸಿ ಹಳೆ ರಬ್ಬರ್ ವಾಲ್ವ್ ಹಾಗೇ ಬಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿ, ಬುಡದಲ್ಲಿ ಬಿರುಕು ಬಾಯಿ ತೆರೆಯುತ್ತದೆ. 230ರಲ್ಲಿ ಚಕ್ರವೇ ಅದನ್ನು ಹೊರಕ್ಕೆ ಬಗ್ಗಿಸುತ್ತದೆ. 210 ದಾಟುವ ಕಾರಿಗೆ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಬೇಕೇ ಬೇಕು.

ಪ್ರಶ್ನೆ: ಪವರ್ ಅಳೆಯುವ ಯಂತ್ರದ, ಅಂದರೆ ಡೈನೋ ಮೇಲೆ ಎಂಜಿನ್ ಚೆನ್ನಾಗಿ ಓಡಿತು. ಟರ್ಬೊ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ) ಇನ್ನೂ ಸ್ವಲ್ಪ ಏರಿಸಲಾ?

ಡೈನೋ ಮೇಲೆ ಎಂಜಿನ್ ಪೂರ್ತಿ ಜೋರಿನಲ್ಲಿ ಇರುವುದು ಹತ್ತು ಹದಿನೈದು ಸೆಕೆಂಡ್. ಈ ಓಟದಲ್ಲಿ ಅರ್ಧ ನಿಮಿಷಕ್ಕೂ ಜಾಸ್ತಿ. ಪಿಸ್ಟನ್ ಕರಗುವುದು ಆ ಕೊನೆಯ ಸೆಕೆಂಡುಗಳಲ್ಲೇ. ಹಳೆ ಪೆಟ್ರೋಲ್ ಪಂಪ್ ಅಷ್ಟು ಹೊತ್ತು ಒತ್ತಡ ಹಿಡಿದಿಡುತ್ತದಾ ಅಂತ ಮೊದಲು ಅಳೆದು ನೋಡಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 200ರಿಂದ 230ಕ್ಕೆ ಹೋಗಲು ಸುಮಾರು ಒಂದೂವರೆ ಪಟ್ಟು ಬೇಕು. ಬೂಸ್ಟ್ ಸ್ವಲ್ಪ ತಿರುಗಿಸಿದರೆ ಅದು ಬರುವುದಿಲ್ಲ. ಟರ್ಬೊಗೆ ದುಡ್ಡು ಸುರಿದು ಟೈರಿನಲ್ಲಿ ಉಳಿಸಲು ನೋಡುವವರಿಗೆ ಹಿರಿಯರ ಮಾತೇ ಸಾಕು: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಪ್ರಶ್ನೆ: ಹಿಂಭಾಗ ಹಗುರ ಅನ್ನಿಸುತ್ತದೆ. ಡಿಕ್ಕಿಯಲ್ಲಿ ಮರಳು ಮೂಟೆ ಇಟ್ಟರೆ ಸರಿಹೋಗುತ್ತದಾ?

ಇಲ್ಲ. ಹಿಂದಿನ ಆಕ್ಸಲ್‌ಗಿಂತ ಆಚೆ ಭಾರ ಇಟ್ಟರೆ, ಬಾಲ ಒಮ್ಮೆ ಬೀಸಿತು ಅಂದರೆ ನಿಲ್ಲಿಸಲು ಆಗುವುದಿಲ್ಲ. ನಿಮ್ಮ ಕಾರನ್ನು ಎತ್ತುತ್ತಿರುವುದು ಗಾಳಿ. 1998ರಲ್ಲಿ ಬಂದ ಮೊದಲ ಆಡಿ ಟಿಟಿಯಲ್ಲಿ ಇದೇ ಆಯಿತು. ಹೆಚ್ಚು ವೇಗದಲ್ಲಿ ಅಪಘಾತಗಳಾದವು. ಆಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಗಾಳಿ ಕಾರನ್ನು ಎತ್ತದಂತೆ ತಡೆಯುವ ಸಣ್ಣ ಪಟ್ಟಿ, ಅಂದರೆ ಸ್ಪಾಯ್ಲರ್ ಹಾಕಿತು, ಸಸ್ಪೆನ್ಷನ್ ಬದಲಿಸಿತು. ನೀವು ಮೊದಲು ಹಿಂದಿನ ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಬಾನೆಟ್‌ಗೆ ಪಿನ್ ಹಾಕಿಸಿ. ಸ್ಪಾಯ್ಲರ್ ಹಾಕಿದ ಮೇಲೆ ಒಂದೊಂದು ಓಟಕ್ಕೂ ವೇಗ ಸ್ವಲ್ಪ ಸ್ವಲ್ಪವೇ ಏರಿಸಿ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಪವರ್ ಜಾಸ್ತಿ ಆಗುತ್ತದಂತೆ?

ಆಗುವುದಿಲ್ಲ. ಮಾರಿದವರಿಗೆ ವಾಪಸ್ ಕೊಟ್ಟು ದುಡ್ಡು ಕೇಳಿ.

ಪ್ರಶ್ನೆ: ಟೈರಿಗೆ ನೈಟ್ರೋಜನ್?

ಮಾಮೂಲಿ ಗಾಳಿಯಲ್ಲೇ 78 ಶೇಕಡಾ ಅದೇ ಇದೆ. ತೇವ ಇಲ್ಲದ ಗಾಳಿ ಸಿಕ್ಕರೆ ಸಾಕು.

ಪ್ರಶ್ನೆ: ಬೈಕ್ ಹೆಲ್ಮೆಟ್ ನಡೆಯುತ್ತದಾ?

ನಡೆಯುವುದಿಲ್ಲ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನ, ಕಾರ್ ರೇಸಿನದ್ದು ಕೊಳ್ಳಿ. ಎಂ ಗುರುತಿನ ಬೈಕ್ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆಯೇ ಇಲ್ಲ. ಸೀಟ್ ಬೆಲ್ಟ್ ಹಾರ್ನೆಸ್‌ಗೂ ಅವಧಿ ಇದೆ, ಪಟ್ಟಿಯ ಮೇಲಿನ ಚೀಟಿ ಓದಿ.

ಪ್ರಶ್ನೆ: ಒಂದು ಓಟಕ್ಕೆ ಒಂದೇ ಸಲ ತಾನೇ ಬ್ರೇಕ್ ಹಾಕುವುದು. ಹಳೆ ಬ್ರೇಕ್ ಆಯಿಲ್ ಸಾಕಲ್ವಾ?

ಆ ಒಂದೇ ಸಲಕ್ಕೆ 230ರ ವೇಗವನ್ನು ನುಂಗಬೇಕು. 100ರಿಂದ ನಿಲ್ಲಿಸುವುದಕ್ಕಿಂತ ಐದು ಪಟ್ಟಿಗಿಂತ ಜಾಸ್ತಿ ಬಿಸಿ ಅದು. ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಓಟದ ಮುಂಚಿನ ವಾರ ಪೂರ್ತಿ ಬದಲಿಸಿ, ಸೀಲ್ ಒಡೆಯದ ಡಬ್ಬಿಯಿಂದ. ರಬ್ಬರ್ ಹೋಸ್‌ಗಳನ್ನೂ ಹೊಸದು ಮಾಡಿ. ಗೆರೆ ದಾಟಿದ ತಕ್ಷಣ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನಕ್ಕೆ ಎತ್ತಿ. ಗಾಳಿಯೇ ಮೊದಲ ಪಾಲಿನ ವೇಗ ಇಳಿಸಲಿ, ಬ್ರೇಕ್ ಆಮೇಲೆ. ಏಕಾಏಕಿ ತುಳಿದರೆ ಎಂಜಿನ್ ತಳದ ಸಂಪ್‌ನಲ್ಲಿರುವ ಆಯಿಲ್ ಮುಂದಕ್ಕೆ ನುಗ್ಗುತ್ತದೆ. ಆಗ ಆಯಿಲ್ ಪಂಪ್ ಗಾಳಿ ಹೀರುತ್ತದೆ, ಇನ್ನೂ ಜೋರಾಗಿ ತಿರುಗುತ್ತಿರುವ ಎಂಜಿನ್ ಬೇರಿಂಗ್‌ಗಳು ಒಣಗುತ್ತವೆ.