ಹಣೆ ಸುಕ್ಕಾಗುತ್ತದೆಯೇ, ಅದನ್ನು ನೋಡಿ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಅನಾಟಮಿ ಪ್ರಾಧ್ಯಾಪಕಿಯ ಉತ್ತರ

ಈ ಸಲದ ಪತ್ರಗಳಲ್ಲಿ ಕುತ್ತಿಗೆಯಿಂದ ಮೇಲಿನವನ್ನಷ್ಟೇ ಆರಿಸಿಕೊಂಡಿದ್ದೇನೆ. ಮಂಡಿನೋವಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದೇ. ಇನ್ನೊಂದು ಮಾತು. ನಾನು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಡಿಸೆಕ್ಷನ್ ಹಾಲ್‌ನಲ್ಲಿ, ಅಂದರೆ ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ, ಪಾಠ ಮಾಡಿದವಳು, ಕ್ಲಿನಿಕ್ ಇಟ್ಟವಳಲ್ಲ. ಮಾತ್ರೆಯ ಹೆಸರು ಕೇಳಿ ಬರೆದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗ ಅಟ್ಟದ ಏಣಿಯಿಂದ ಬಿದ್ದು ನೆತ್ತಿಯ ಹತ್ತಿರ ಒಡೆದುಕೊಂಡ. ಅಂಗಿಯೆಲ್ಲ ರಕ್ತ. ಕಾಫಿಪುಡಿ ಹಾಕಿ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ಮಾಡಿ, ಒಳಗೇನೂ ಆಗಿಲ್ಲ ಎಂದು ಹೊಲಿಗೆ ಹಾಕಿ ಕಳಿಸಿದರು. ಮೂರನೇ ದಿನ ಬೆಳಿಗ್ಗೆ ಎದ್ದರೆ ಎರಡೂ ಕಣ್ಣು ಊದಿ ಕಪ್ಪಾಗಿವೆ. ಕಣ್ಣಿಗೆ ಪೆಟ್ಟೇ ಬಿದ್ದಿಲ್ಲ. ನಮ್ಮತ್ತೆ ದೃಷ್ಟಿಯಾಗಿದೆ ಎನ್ನುತ್ತಾರೆ. (ತಿಪಟೂರಿನಿಂದ ಒಬ್ಬ ತಾಯಿ)

ಉತ್ತರ: ದೃಷ್ಟಿಯಲ್ಲ ತಾಯಿ. ತಲೆಯ ಮೇಲೆ ಸೋರಿದ ರಕ್ತ ದಾರಿ ಹುಡುಕಿಕೊಂಡು ಕಣ್ಣಿಗೆ ಇಳಿದಿದೆ.

ಬುರುಡೆಯ ಮೇಲಿನ ಹೊದಿಕೆಯಲ್ಲಿ ಐದು ಪದರಗಳಿವೆ. ಹೊರಗೆ ಕೂದಲಿನ ಚರ್ಮ. ಅದರಡಿ ನಾರು ಮತ್ತು ಕೊಬ್ಬು ಬಿಗಿಯಾಗಿ ಹೆಣೆದುಕೊಂಡ ಪದರ. ದೊಡ್ಡ ರಕ್ತನಾಳಗಳೆಲ್ಲ ಇರುವುದು ಇಲ್ಲೇ. ಮೂರನೆಯದು ಹಣೆಯ ಸ್ನಾಯುವನ್ನೂ ಹಿಂದಲೆಯ ಸ್ನಾಯುವನ್ನೂ ಜೋಡಿಸುವ ಗಟ್ಟಿ ಹಾಳೆ. ನಾಲ್ಕನೆಯದು ಸಡಿಲವಾದ ಪದರ, ಐದನೆಯದು ಎಲುಬಿಗೆ ಅಂಟಿದ ಪೊರೆ. ಬೆರಳ ತುದಿಗಳನ್ನು ನೆತ್ತಿಯ ಮೇಲೆ ಒತ್ತಿ ಹಿಂದೆ ಮುಂದೆ ಆಡಿಸಿ. ಮೇಲಿನ ಮೂರೂ ಪದರಗಳು ನುಣುಪು ನೆಲದ ಮೇಲಿನ ಜಮಖಾನೆಯ ಹಾಗೆ ಒಟ್ಟಿಗೇ ಜಾರುತ್ತವೆ. ಡಿಸೆಕ್ಷನ್‌ನಲ್ಲಿ ಈ ನಾಲ್ಕನೇ ಪದರ ಮುಟ್ಟಿದ ಮೇಲೆ ಚಾಕುವಿನ ಅಲಗೇ ಬೇಡ, ಹಿಡಿಯ ತುದಿಯಿಂದ ತಳ್ಳಿದರೆ ಸಾಕು, ಇಡೀ ಹೊದಿಕೆ ಮೇಲೆದ್ದು ಬರುತ್ತದೆ. ಎಂಥ ಗಟ್ಟಿ ಹುಡುಗನಾದರೂ ಆ ಕ್ಷಣ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಈಗ ರಕ್ತದ ವಿಷಯ. ಕೈಗೋ ಕಾಲಿಗೋ ಗಾಯವಾದರೆ ತುಂಡಾದ ರಕ್ತನಾಳ ತಾನಾಗಿ ಮುದುಡಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ತಲೆಯಲ್ಲಿ ಅದಕ್ಕೆ ಆಸ್ಪದವಿಲ್ಲ. ಎರಡನೇ ಪದರದ ನಾರುಗಳು ನಾಳದ ಗೋಡೆಯನ್ನು ಸುತ್ತಲಿಂದ ಹಿಡಿದೆಳೆದು ಬಾಯಿ ತೆರೆದೇ ಇಡುತ್ತವೆ. ಸಾಲದ್ದಕ್ಕೆ ಎಡಬಲದ ನಾಳಗಳು ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ತುಂಡಾದ ಎರಡೂ ತುದಿಗಳಿಂದ ರಕ್ತ ಬರುತ್ತದೆ. ಗಾಯ ಒಂದಂಗುಲ, ಅಂಗಿ ಪೂರ್ತಿ ಕೆಂಪು. ಆದರೆ ಅಡಿಯಲ್ಲಿ ಗಟ್ಟಿ ಎಲುಬಿದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಮ್ಮ ಮಗನ ರಕ್ತ ನಿಲ್ಲಿಸಿದ್ದು ನಿಮ್ಮ ಕೈಯೇ ಹೊರತು ಕಾಫಿಪುಡಿಯಲ್ಲ. ಆ ಪುಡಿಯನ್ನು ಗಾಯದಿಂದ ತೊಳೆದು ತೆಗೆಯಲು ಹೊಲಿಗೆ ಹಾಕಿದವರು ಎಷ್ಟು ಒದ್ದಾಡಿದರೋ! ಮುಂದೆ ಒಗೆದ ಬಟ್ಟೆಯೊಂದನ್ನು ಮಡಚಿ ಒತ್ತಿ ಹಿಡಿಯಿರಿ, ಅಷ್ಟೇ. ನಡುನಡುವೆ ತೆಗೆದು ನೋಡುವ ಆತುರ ಬೇಡ.

ಇನ್ನು ಕಣ್ಣು. ನಾಲ್ಕನೇ ಪದರಕ್ಕೆ ಇಳಿದ ರಕ್ತಕ್ಕೆ ತಲೆಯ ಮೇಲೆಲ್ಲ ಹರಡಲು ಜಾಗವಿದೆ. ಹಿಂದಕ್ಕೆ ಹೋಗಲಾರದು, ಅಲ್ಲಿ ಸ್ನಾಯು ಹಿಂದಲೆಯ ಎಲುಬನ್ನು ಕಚ್ಚಿಕೊಂಡಿದೆ. ಪಕ್ಕಕ್ಕೂ ಕೆನ್ನೆಲುಬಿನ ಕಮಾನಿನಿಂದ ಕೆಳಗೆ ಇಳಿಯದು. ಮುಂದುಗಡೆ ಮಾತ್ರ ತಡೆಯಿಲ್ಲ. ಹಣೆಯ ಸ್ನಾಯು ಯಾವ ಎಲುಬಿಗೂ ಅಂಟದೆ ಹುಬ್ಬಿನ ಚರ್ಮದಲ್ಲೇ ಸೇರಿಹೋಗುತ್ತದೆ. ಹಾಗಾಗಿ ರಕ್ತ ನಿಧಾನವಾಗಿ ಜಾರಿ, ಎರಡು ಮೂರು ದಿನಕ್ಕೆ ರೆಪ್ಪೆಗೆ ಬಂದು ನಿಲ್ಲುತ್ತದೆ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಎಲ್ಲ ಬಣ್ಣವೂ ಹೊರಗೆ ಕಾಣುತ್ತದೆ. ಕಪ್ಪು ಹಸಿರಾಗಿ, ಹಳದಿಯಾಗಿ, ಒಂದೆರಡು ವಾರದಲ್ಲಿ ಹೋಗುತ್ತದೆ.

ನಿಮ್ಮ ಮಗನಿಗೆ ಸ್ಕ್ಯಾನ್ ಆಗಿರುವುದರಿಂದ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಬುರುಡೆಯ ತಳ ಸೀಳಿದಾಗಲೂ ಎರಡೂ ಕಣ್ಣು ಹೀಗೇ ಕಪ್ಪಾಗುತ್ತವೆ. ಜೊತೆಗೆ ಮೂಗಿನಿಂದಲೋ ಕಿವಿಯಿಂದಲೋ ತಿಳಿ ನೀರು ಬಂದರೆ, ಮಗು ಪದೇ ಪದೇ ವಾಂತಿ ಮಾಡಿದರೆ, ಮಂಕಾದರೆ, ನನಗೆ ಪತ್ರ ಬರೆಯುತ್ತ ಕೂರಬೇಡಿ. ನಿಮ್ಮತ್ತೆಯವರ ಸಮಾಧಾನಕ್ಕೆ ದೃಷ್ಟಿ ತೆಗೆಸಿ, ಅದರಿಂದ ಮಗುವಿಗೇನೂ ನಷ್ಟವಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದರು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತು, ಬಲಗಣ್ಣು ಮುಚ್ಚುತ್ತಿಲ್ಲ, ಬಾಯಿ ಎಡಕ್ಕೆ ಸೊಟ್ಟಗಾಗಿದೆ. ಡಾಕ್ಟರು ಲಕ್ವ ಅಲ್ಲ ಎಂದು ಮಾತ್ರೆ, ಕಣ್ಣಿನ ಹನಿ ಕೊಟ್ಟಿದ್ದಾರೆ. ಓಣಿಯವರು ಮಾತ್ರ ಲಕ್ವವೇ, ಪಾರಿವಾಳದ ರಕ್ತ ತಿಕ್ಕಿಸಿ ಎನ್ನುತ್ತಿದ್ದಾರೆ. ಡಾಕ್ಟರು ಬರೀ ಮುಖ ನೋಡಿ ಹೇಗೆ ಹೇಳಿದರು? (ಹಾವೇರಿಯ ಓದುಗರು)

ಉತ್ತರ: ಹಣೆ ನೋಡಿ ಹೇಳಿದ್ದಾರೆ. "ಹುಬ್ಬು ಮೇಲೆತ್ತಿ" ಎಂದು ಹೇಳಿರಬೇಕು, ನೆನಪು ಮಾಡಿಕೊಳ್ಳಿ.

ಮುಖದ ಸ್ನಾಯುಗಳು ಬೇರೆಲ್ಲ ಕಡೆಯ ಹಾಗೆ ಎಲುಬಿನಿಂದ ಎಲುಬಿಗೆ ಹೋಗುವಂಥವಲ್ಲ, ಬಹುಪಾಲು ಚರ್ಮಕ್ಕೇ ಅಂಟಿಕೊಂಡಿವೆ. ನಗು, ಸಿಟ್ಟು, ವ್ಯಂಗ್ಯ ಎಲ್ಲವೂ ಅವು ಚರ್ಮವನ್ನು ಎಳೆಯುವ ರೀತಿ. ಅವನ್ನೆಲ್ಲ ಆಡಿಸುವುದು ಏಳನೇ ಕಪಾಲ ನರ, ಎಡಕ್ಕೊಂದು, ಬಲಕ್ಕೊಂದು. ಕಿವಿಯ ಹಿಂದಿನ ಎಲುಬಿನೊಳಗೆ ಒಂದು ಇಕ್ಕಟ್ಟಾದ ಕೊಳವೆಯಲ್ಲಿ ಹಾದು, ಕಿವಿಯ ಕೆಳಗೆ ಹೊರಬಂದು, ಜೊಲ್ಲಿನ ದೊಡ್ಡ ಗ್ರಂಥಿಯೊಳಗೆ ನುಗ್ಗಿ ಐದು ಕವಲಾಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದ ಉಪಾಯ ನಿಮಗೂ ಹೇಳುತ್ತೇನೆ: ಬಲ ಅಂಗೈಯ ಬುಡವನ್ನು ಬಲಗಿವಿಯ ಮುಂದೆ ಇಟ್ಟು ಬೆರಳು ಅಗಲಿಸಿ. ಹೆಬ್ಬೆರಳು ಹಣೆಗೆ, ತೋರುಬೆರಳು ಕಣ್ಣಿನ ಕಡೆಗೆ, ನಡುಬೆರಳು ಮೇಲ್ದುಟಿ ಕೆನ್ನೆಗೆ, ಉಂಗುರಬೆರಳು ಕೆಳದವಡೆಯ ಅಂಚಿಗೆ, ಕಿರುಬೆರಳು ಕುತ್ತಿಗೆಗೆ. ಐದು ಕವಲೂ ಹೆಚ್ಚುಕಡಿಮೆ ಹೀಗೇ ಹರಡಿವೆ.

ಯಜಮಾನರಿಗೆ ಆಗಿರುವುದು ಬೆಲ್ಸ್ ಪಾಲ್ಸಿ ಇರಬೇಕು. ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್ 1821ರಲ್ಲಿ ಮುಖದ ನರಗಳ ಬಗ್ಗೆ ಬರೆದ ಮೇಲೆ ಅವನ ಹೆಸರೇ ಅಂಟಿಕೊಂಡಿತು. ಎಲುಬಿನ ಕೊಳವೆಯೊಳಗೆ ನರ ಊದಿಕೊಳ್ಳುತ್ತದೆ. ಊದಲು ಜಾಗವಿಲ್ಲದೆ ತನ್ನನ್ನು ತಾನೇ ಅದುಮಿಕೊಳ್ಳುತ್ತದೆ. ತಂತಿಯೇ ಕೆಟ್ಟ ಮೇಲೆ ಅರ್ಧ ಮುಖ ಪೂರ್ತಿ ಹೋಯಿತು: ಹಣೆ ಸುಕ್ಕಾಗದು, ಕಣ್ಣು ಮುಚ್ಚದು, ತುಟಿ ಏಳದು. ಲಕ್ವದಲ್ಲಿ ತೊಂದರೆ ಇರುವುದು ಮಿದುಳಿನಲ್ಲಿ. ಹಣೆಯ ಸ್ನಾಯುವಿಗೆ ಮಿದುಳಿನ ಎಡಬಲ ಎರಡೂ ಭಾಗಗಳಿಂದ ಅಪ್ಪಣೆ ಬರುತ್ತದೆ. ಒಂದು ಭಾಗ ಕೆಟ್ಟರೆ ಇನ್ನೊಂದು ನಡೆಸುತ್ತದೆ. ಆದ್ದರಿಂದ ಬಾಯಿ ಸೊಟ್ಟಗಾಗಿಯೂ ಎರಡೂ ಕಡೆ ಹಣೆ ಸುಕ್ಕಾಗುತ್ತಿದ್ದರೆ ಮಿದುಳಿನ ಮೇಲೆ ಅನುಮಾನ. ಆಗ ಒಂದು ನಿಮಿಷವೂ ಮನೆಯಲ್ಲಿ ಕೂರುವಂತಿಲ್ಲ. ಕೈಕಾಲು ಸೋತರೆ, ಮಾತು ತೊದಲಿದರೆ ಹಣೆ ಹೇಗಿದ್ದರೂ ಓಡಿ. ಈ ಪರೀಕ್ಷೆ ಓದಿಕೊಂಡು ಯಾರೂ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಡಾಕ್ಟರು ಏಕೆ ಹಾಗೆ ಹೇಳಿದರು ಎಂದು ಕೇಳಿದ್ದಕ್ಕೆ ಹೇಳಿದೆ.

ಕಿಟಕಿಯ ಗಾಳಿ ಪಾಪ, ಎಲ್ಲ ಊರಲ್ಲೂ ಬೈಗುಳ ತಿನ್ನುತ್ತದೆ. ವೈದ್ಯರ ಗುಮಾನಿ ಇರುವುದು ಹರ್ಪಿಸ್ ಜಾತಿಯ ವೈರಸ್ ಮೇಲೆ. ಸಕ್ಕರೆ ಕಾಯಿಲೆಯವರಲ್ಲಿ, ದಿನ ತುಂಬಿದ ಬಸುರಿಯರಲ್ಲಿ ಇದು ಹೆಚ್ಚು. ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಗುಣ ಚೆನ್ನಾಗಿ ಆಗುತ್ತದೆ, ನಿಮ್ಮವರಿಗೆ ಅದು ಆಗಿದೆ. ಬಹುಪಾಲು ಜನ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತಾರೆ. ನಿಜವಾದ ಕಾಳಜಿ ಬೇಕಿರುವುದು ಕಣ್ಣಿಗೆ. ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಯ ಮೇಲೆ ಹುಣ್ಣಾದರೆ, ಬಾಯಿ ನೆಟ್ಟಗಾದರೂ ನೋಟ ಹೋದೀತು. ಹನಿ ತಪ್ಪಿಸಬೇಡಿ, ರಾತ್ರಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಿ. ಊಟ ಕೆನ್ನೆಯ ಸಂದಿಯಲ್ಲಿ ಉಳಿಯುತ್ತದೆ, ಬೆರಳಿನಿಂದ ತೆಗೆದು ಬಾಯಿ ತೊಳೆಯಲಿ. ಪಾರಿವಾಳವನ್ನು ಅದರ ಪಾಡಿಗೆ ಬಿಡಿ.

ಪ್ರಶ್ನೆ: ಮೂಗಿನ ಪಕ್ಕದ ಮೊಡವೆ ಹಿಸುಕಿದರೆ ಮಿದುಳಿಗೆ ಕೀವು ಏರುತ್ತದೆ ಎಂದು ಹಾಸ್ಟೆಲಿನ ಗೆಳತಿ ಹೆದರಿಸಿದ್ದಾಳೆ. ಸುಮ್ಮನೆ ತಮಾಷೆಯೇ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಪೂರ್ತಿ ತಮಾಷೆಯಲ್ಲ. ಎರಡು ಹುಬ್ಬಿನ ನಡುವಿನಿಂದ ಬಾಯಿಯ ಎರಡು ಮೂಲೆಗೆ ಗೆರೆ ಎಳೆದರೆ ಸಿಗುವ ತ್ರಿಕೋನದ ಮಲಿನ ರಕ್ತ ಸಾಮಾನ್ಯವಾಗಿ ಕೆಳಗೆ ಕುತ್ತಿಗೆಗೆ ಇಳಿಯುತ್ತದೆ. ಆದರೆ ಕಣ್ಣಿನ ಒಳಮೂಲೆಯಲ್ಲಿ ಆ ರಕ್ತನಾಳ ಕಣ್ಣುಗುಳಿಯೊಳಗಿನ ನಾಳಗಳನ್ನು ಕೂಡುತ್ತದೆ, ಅವು ಬುರುಡೆಯೊಳಗೆ ಮಿದುಳಿನ ಅಡಿಯ ರಕ್ತಕುಹರಕ್ಕೆ ಹೋಗುತ್ತವೆ. ಹಿಸುಕಿದಾಗ ಸೋಂಕು ಆ ದಾರಿ ಹಿಡಿಯಬಹುದು. ಆಂಟಿಬಯಾಟಿಕ್ ಬರುವ ಮುಂಚೆ ಹೀಗಾದವರು ಉಳಿದದ್ದೇ ಕಡಿಮೆ. ಈಗ ಬಹಳ ಅಪರೂಪ. ಮೊಡವೆಯ ಜೊತೆ ಜ್ವರ, ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು ಇದ್ದರೆ ಆಸ್ಪತ್ರೆ. ಇಲ್ಲದಿದ್ದರೆ ಉಗುರು ದೂರವಿಡು ಮಗಳೇ, ಅದು ತಾನೇ ಒಣಗುತ್ತದೆ.

ಪ್ರಶ್ನೆ: ನೆತ್ತಿ ಬೋಳಾದರೂ ಹಿಂದಲೆಯ ಕೂದಲು ಏಕೆ ಉಳಿಯುತ್ತದೆ? ಹೆಲ್ಮೆಟ್ ಕಾರಣವೇ? (ಬೆಂಗಳೂರು)

ಉತ್ತರ: ಹೆಲ್ಮೆಟ್ ಬಿಡಲು ನೆಪ ಹುಡುಕಬೇಡಿ. ಗಂಡಸರ ಹಾರ್ಮೋನಿನ ಒಂದು ರೂಪಕ್ಕೆ ನೆತ್ತಿ, ಹಣೆಯ ಕೂದಲ ಬುಡಗಳು ಸೊರಗುತ್ತವೆ, ಹಿಂದಲೆಯವು ಜಗ್ಗುವುದಿಲ್ಲ. ಆ ಬುಡವನ್ನು ಕಿತ್ತು ನೆತ್ತಿಗೆ ನೆಟ್ಟರೂ ಹಳೇ ಗುಣವನ್ನೇ ಉಳಿಸಿಕೊಳ್ಳುತ್ತದೆ. ಕೂದಲು ನೆಡುವವರ ವ್ಯಾಪಾರ ನಿಂತಿರುವುದೇ ಇದರ ಮೇಲೆ.

ಪ್ರಶ್ನೆ: ಟಿಪ್ಪು ಕಾಲದಲ್ಲಿ ಮೂಗು ಕೊಯ್ಸಿಕೊಂಡ ಸೈನಿಕನೊಬ್ಬನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ್ದರಂತೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಅದು ಸಾಧ್ಯವೇ? (ಮಂಡ್ಯದ ನಿವೃತ್ತ ಮೇಷ್ಟ್ರು)

ಉತ್ತರ: ಸಾಧ್ಯವಷ್ಟೇ ಅಲ್ಲ ಮೇಷ್ಟ್ರೇ, ಅಚ್ಚಾಗಿಯೇ ಇದೆ. ಸೈನಿಕ ಅಲ್ಲ, ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವ ಆಳು, ಮರಾಠಿಗ, ಹೆಸರು ಕಾವಸ್ಜಿ. 1792ರ ಯುದ್ಧದಲ್ಲಿ ಸೆರೆಸಿಕ್ಕಾಗ ಟಿಪ್ಪು ಅವನ ಮೂಗು ಮತ್ತು ಒಂದು ಕೈ ಕತ್ತರಿಸಿದ ಎಂದು 1794ರ ಅಕ್ಟೋಬರಿನ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಬಂದ ಪತ್ರ ಹೇಳುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಅವನು ಮುಂಬಯಿ ಸೈನ್ಯವನ್ನು ಸೇರಿಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂಡಿಸಿದ.

ಮೊದಲು ತೆಳು ಮೇಣದ ಹಾಳೆಯನ್ನು ಮೋಟು ಮೂಗಿನ ಮೇಲೆ ಇಟ್ಟು ಮೂಗಿನ ಆಕಾರ ಕೊಟ್ಟ. ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಪೂರ್ತಿ ಬಿಡಿಸಲಿಲ್ಲ, ಎರಡು ಕಣ್ಣಿನ ನಡುವೆ ಒಂದು ಕಿರುಪಟ್ಟಿ ಹಾಗೇ ಉಳಿಸಿಕೊಂಡ. ಆ ಪಟ್ಟಿಯನ್ನು ತಿರುಚಿ ಚರ್ಮವನ್ನು ಕೆಳಗೆ ತಂದು ಕೂಡಿಸಿದ. ಹೊಲಿಗೆಯಿಲ್ಲ; ವೀಳ್ಯಕ್ಕೆ ಹಾಕುವ ಕಾಚನ್ನು ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಬಳಿದು ಅಂಟಿಸಿದ. ನಾಲ್ಕು ದಿನದ ಮೇಲೆ ಅದನ್ನು ತೆಗೆದು ತುಪ್ಪದಲ್ಲದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೇ ದಿನಕ್ಕೆ ಪಟ್ಟಿ ಕತ್ತರಿಸಿದ.

ಆ ಕಿರುಪಟ್ಟಿಯಲ್ಲೇ ಎಲ್ಲ ಇದೆ. ಕಣ್ಣಿನ ಒಳಮೂಲೆಯ ಮೇಲಿಂದ ಒಂದು ಸಣ್ಣ ಶುದ್ಧರಕ್ತನಾಳ ಹಣೆಗೆ ಏರುತ್ತದೆ. ಅದನ್ನು ಕಡಿಯದೆ ಉಳಿಸಿದರೆ ಹಣೆಯ ಚರ್ಮ ಎಲ್ಲಿ ಹೋದರೂ ಬದುಕುತ್ತದೆ, ಕಡಿದರೆ ಕೊಳೆಯುತ್ತದೆ. ಆ ಮನುಷ್ಯ ಯಾವ ಕಾಲೇಜಿಗೂ ಹೋದವನಲ್ಲ. ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಈ ವಿಧಾನದಲ್ಲಿ ಮೂಗು ಮಾಡಿದ್ದು 1814ರಲ್ಲಿ. ಇಂದಿಗೂ ಮೂಗಿನ ಕ್ಯಾನ್ಸರ್ ತೆಗೆದ ಮೇಲೆ ಪ್ಲಾಸ್ಟಿಕ್ ಸರ್ಜನ್ನರು ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಪಟ್ಟಿಯ ಜೊತೆ ನರವೂ ಬರುವುದರಿಂದ, ಹೊಸ ಮೂಗು ಮುಟ್ಟಿದರೆ ಹಣೆ ಮುಟ್ಟಿದಂತೆ ಕೆಲವರಿಗೆ ಅನಿಸುತ್ತದೆ. ಹಣೆ ಕಿರಿದಾಗಿದ್ದು ತಲೆಗೂದಲಿನ ಭಾಗವೂ ಸೇರಿಬಿಟ್ಟರೆ ಮೂಗಿನ ಮೇಲೆ ಕೂದಲು ಬೆಳೆಯುವುದೂ ಉಂಟು. ನೋವಿನ ಬಗ್ಗೆ ಕೇಳಿದಿರಿ: ಅರಿವಳಿಕೆಗೆ ಈಥರ್ ಬಂದದ್ದು 1846ರಲ್ಲಿ. ಕಾವಸ್ಜಿ ಹೇಗೆ ತಡೆದುಕೊಂಡನೋ, ನೀವೇ ಊಹಿಸಿ.

ಪ್ರಶ್ನೆ: ಮಿಸ್, ನನ್ನ ತಮ್ಮ ಕಿವಿ ಅಲ್ಲಾಡಿಸುತ್ತಾನೆ, ನನಗೆ ಬರಲ್ಲ. ಯಾಕೆ? (ಏಳನೇ ಕ್ಲಾಸ್, ಸಾಗರ)

ಉತ್ತರ: ಪ್ರತಿ ಕಿವಿಗೂ ಮೂರು ಪುಟ್ಟ ಸ್ನಾಯುಗಳಿವೆ, ಮುಂದೊಂದು, ಮೇಲೊಂದು, ಹಿಂದೊಂದು. ನಿನಗೂ ಇವೆ. ಬೆಕ್ಕು ಅವನ್ನು ದಿನವಿಡೀ ಬಳಸುತ್ತದೆ, ನಮಗೆ ಕೆಲಸವಿಲ್ಲದೆ ಬಡಕಲಾಗಿವೆ. ಕನ್ನಡಿಯ ಮುಂದೆ ನಿಂತು ಹುಬ್ಬು ಮೇಲೆತ್ತುತ್ತ ಕಿವಿಯನ್ನು ಹಿಂದಕ್ಕೆ ಎಳೆಯಲು ನೋಡು. ಕೆಲವರಿಗೆ ಅಭ್ಯಾಸದಿಂದ ಬರುತ್ತದೆ. ಬಂದರೆ ತಮ್ಮನಿಗೆ ಒಂದು ಕಿವಿ ಮಾತ್ರ ಅಲ್ಲಾಡಿಸು ಎಂದು ಸವಾಲು ಹಾಕು, ಅದು ಇನ್ನೂ ಕಷ್ಟ.