ಸಂಪಾದಕರ ಉತ್ತರ: ನಾಯಿ ಎರಡನೇ ಬಾವಿಗೆ ಬೀಳುತ್ತಿದೆ

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ಮೊಬೈಲ್ ಗೇಮ್ ಆಡುವವರ ದೂರುಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಓದಿ ಬೇಜಾರಾಯಿತು. ನಾವು ಮೂವರು ಗೆಳೆಯರು ಒಂದೂವರೆ ವರ್ಷ ರಾತ್ರಿ ಕೂತು ಒಂದು ಆಟ ಮಾಡಿದ್ದೇವೆ. ಮುಧೋಳ ನಾಯಿ ಬಾವಿ ಹಾರಿ ಹಾರಿ ಓಡುವ ಆಟ. ಪೂರ್ತಿ ಕನ್ನಡದಲ್ಲಿ, ಪೂರ್ತಿ ಪುಕ್ಕಟೆ. ಬಂದ ವಾರದಲ್ಲೇ ಒಂದು ಸ್ಟಾರ್ ಕೊಟ್ಟು ಬೈದವರೇ ಜಾಸ್ತಿ. ಒಬ್ಬರಂತೂ 'ನಿಮ್ಮ ಕನ್ನಡ ಓದಾಕ ಆಗಂಗಿಲ್ಲ' ಅಂತ ಬರೆದರು. ಬೆಳಗಾವಿಯಲ್ಲಿ ಕೂತು ಕನ್ನಡದಲ್ಲಿ ಆಟ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇದು. ಒಂದು ರೂಪಾಯಿ ಕೊಡದವರಿಗೆ ಬೈಯುವ ಹಕ್ಕು ಎಲ್ಲಿಂದ ಬಂತು? ಬೇಡವಾದರೆ ಆಡಬೇಡಿ, ಅಷ್ಟೇ ಅಲ್ವಾ? ನಮಗೆ ಬಂದ 41 ಕಾಮೆಂಟುಗಳ ಪ್ರತಿ ಜೊತೆಗಿದೆ. ಇಂಥವರಿಗೆ ಪುಟ ಕೊಡುವ ಮೊದಲು ಒಮ್ಮೆ ಓದಿ ನೋಡಿ."
— ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ

ಪ್ರಿಯ ಗೆಳೆಯರೇ,

ಓದಿ ನೋಡಿ ಅಂದಿರಿ. ಭಾನುವಾರ ಮಧ್ಯಾಹ್ನ ಕೆಂಪು ಪೆನ್ಸಿಲ್ ಹಿಡಿದು 41ನ್ನೂ ಓದಿದೆ. ಅದಕ್ಕೂ ಮೊದಲು ನಿಮ್ಮ ಆಟವನ್ನು ಫೋನಿಗೆ ಇಳಿಸಿಕೊಂಡು ಆಡಿದೆ. ನಾನು ಆಡುವುದು ತೀರಾ ಕೆಟ್ಟದಾಗಿ. ನನ್ನ ಅಕ್ಕನ ಮಗ ನನ್ನನ್ನು ತನ್ನ ಟೀಮಿಗೆ ಸೇರಿಸಿಕೊಳ್ಳುವುದಿಲ್ಲ. ಆದರೂ ಒಂದು ಮಾತು ಹೇಳಬಲ್ಲೆ, ನಾಯಿ ಚೆನ್ನಾಗಿದೆ. ಓಡುವಾಗ ಅದರ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ನಿಜವಾದ ಮುಧೋಳ ನಾಯಿಯ ಹಿಂದೆ ಓಡಾಡಿಯೇ ಬಿಡಿಸಿದ್ದೀರಿ ಅಂತ ಗೊತ್ತಾಗುತ್ತದೆ.

ನಮ್ಮದೊಂದು ತಪ್ಪಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಆ ಎರಡು ಪುಟಗಳಲ್ಲಿ ಒಂದು ಪತ್ರ ಹಾಕಬಾರದಿತ್ತು. ಗೇಮ್ ಮಾಡುವವರೆಲ್ಲ ಕಳ್ಳರು ಅನ್ನುವ ಪತ್ರ ಅದು. ಯಾವ ಆಟ, ಏನು ಮೋಸ ಅಂತ ಒಂದು ಸಾಲೂ ಇರಲಿಲ್ಲ. ಪುಟ ತುಂಬಿಸುವ ಅವಸರದಲ್ಲಿ ಒಳಗೆ ನುಸುಳಿತು. ಉಳಿದ ಪತ್ರಗಳ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ.

ಈಗ ನಿಮ್ಮ 41. ಏಳು ಬರೀ ಬೈಗುಳ, ಒಂದೆರಡು ಮನೆಯವರನ್ನೂ ಎಳೆದು ತಂದಿವೆ. ಅವನ್ನು ಹರಿದು ಬುಟ್ಟಿಗೆ ಹಾಕಿದೆ, ನೀವೂ ಹಾಕಿ. ಇನ್ನು ಹನ್ನೆರಡರಲ್ಲಿ 'ಸೂಪರ್ ಬಾಸ್', 'ಬಕ್ವಾಸ್ ಗೇಮ್' ಈ ಥರದ್ದು. ಬೈದದ್ದೂ ಹೊಗಳಿದ್ದೂ ಎರಡೂ ಒಂದೇ ತೂಕ, ಏನೂ ಹೇಳುವುದಿಲ್ಲ. ಉಳಿದವು 22. ಅವನ್ನು ನೀವು ಸರಿಯಾಗಿ ಓದಿಲ್ಲ. ಸಿಟ್ಟು ಬೇಡ, ಹಾಗಂತ ಯಾಕೆ ಹೇಳುತ್ತೇನೆ ಕೇಳಿ.

ನಿಮಗೆ ಜಾಸ್ತಿ ನೋವು ಕೊಟ್ಟ ಆ ಸಾಲನ್ನೇ ತೆಗೆದುಕೊಳ್ಳೋಣ. 'ನಿಮ್ಮ ಕನ್ನಡ ಓದಾಕ ಆಗಂಗಿಲ್ಲ.' ನೀವಿರುವುದು ಬೆಳಗಾವಿ. ಅಲ್ಲಿ ಭಾಷೆಯ ಮಾತು ಬಂದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಯಾರೋ ಕೆಣಕಿದರು ಅಂತ ನಿಮಗೆ ಅನಿಸಿದ್ದು ಸಹಜ. ಆದರೆ ಆ ಮನುಷ್ಯ ಬೈದದ್ದು ಕನ್ನಡದಲ್ಲೇ, ಅದೂ ನಮ್ಮ ಕಡೆಯ ಕನ್ನಡದಲ್ಲಿ. ಅವರು ಕನ್ನಡ ಬೇಡ ಅಂದಿಲ್ಲ, ಓದಲು ಆಗುತ್ತಿಲ್ಲ ಅಂದರು. ನನ್ನ ಫೋನಿನಲ್ಲೂ ಓದಲು ಆಗಲಿಲ್ಲ. 'ಶಕ್ತಿ' ಅನ್ನುವುದು 'ಶಕ್‌ತಿ' ಅಂತ ಕಾಣುತ್ತದೆ. 'ಮತ್ತೆ ಪ್ರಯತ್ನಿಸಿ' ಅನ್ನುವುದಂತೂ ಬಸ್ಸಿನಿಂದ ಬಿದ್ದ ಸಾಮಾನಿನ ಹಾಗೆ ಚೆಲ್ಲಾಪಿಲ್ಲಿ.

ಇದು ನಿಮ್ಮ ಕನ್ನಡದ ತಪ್ಪಲ್ಲ. ಕಂಪ್ಯೂಟರಿಗೆ 'ಕ್ತ' ಒಂದು ಅಕ್ಷರ ಅಲ್ಲ. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿ ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತಗಳ ಸಾಲು: ಕ, ಅದರ ಸ್ವರ ಕಳೆಯುವ ಹಲಂತದ ಗುರುತು, ತ. ಈ ಮೂರನ್ನೂ ಕೂಡಿಸಿ ತ ಒತ್ತನ್ನು ಕೆಳಗೆ ಕೂರಿಸುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ನೀವು ಮೆಸೇಜ್ ಬರೆಯುವಾಗ ಫೋನು ತಾನೇ ಮಾಡುತ್ತದೆ. ಆದರೆ ಆಟ ಕಟ್ಟುವ ಎಷ್ಟೋ ತಂತ್ರಾಂಶಗಳು ಅಕ್ಷರಗಳನ್ನು ತಾವೇ ಬಿಡಿಸುತ್ತವೆ. ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತವೆ, ಒತ್ತಕ್ಷರದ ಗೊಡವೆಗೆ ಹೋಗುವುದಿಲ್ಲ. ನಿಮ್ಮ ಮೂವರಿಗೂ ಇದು ಯಾಕೆ ಕಾಣಲಿಲ್ಲ? ಒಂದೂವರೆ ವರ್ಷ ಅದೇ ಪರದೆ ನೋಡಿದವರು ನೀವು. ಅಲ್ಲಿ ಏನಿರಬೇಕು ಅಂತ ನಿಮಗೆ ಬಾಯಿಪಾಠ, ಕಣ್ಣು ಅದನ್ನು ಓದುವುದೇ ಇಲ್ಲ. ನಮ್ಮಲ್ಲಿ ಕರಡು ತಿದ್ದುವವರಿಗೂ ಇದೇ ರೋಗ. ಒಮ್ಮೆ ಮುಖಪುಟದ ಮೇಲೇ ಅಕ್ಷರ ತಪ್ಪಿತ್ತು. ಕಚೇರಿಯ ಐದು ಜನ ನೋಡಿಯೂ ನೋಡಲಿಲ್ಲ. ಪತ್ರಿಕೆ ಹಂಚುವ ಹುಡುಗ ಹೇಳಿದ.

ಹಾಗೆ ನೋಡಿದರೆ ನಿಮಗೆ ಬಂದ ಕಾಮೆಂಟುಗಳಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು ಅದೇ. ಅವರು ಅದನ್ನು ಇನ್ನೂ ನೆಟ್ಟಗೆ ಬರೆಯಬಹುದಿತ್ತು, ಒಪ್ಪುತ್ತೇನೆ.

ಇನ್ನೊಂದು ತಮಾಷೆ ನೋಡಿ. ಒಂಬತ್ತು ಜನ ಒಂದೇ ಮಾತು ಬರೆದಿದ್ದಾರೆ. ಹತ್ತು ನಿಮಿಷ ಆಡಿದರೆ ಫೋನ್ ಬಿಸಿಯಾಗುತ್ತದೆ, ಆಮೇಲೆ ಆಟ ಎಳೆಯುತ್ತದೆ ಅಂತ. ನೀವು ಒಬ್ಬರಿಗೆ 'ನಮ್ಮ ಫೋನಲ್ಲಿ ಸರಿ ಇದೆ' ಅಂತ ಉತ್ತರ ಕೊಟ್ಟಿದ್ದೀರಿ. ಇರಬಹುದು ಸ್ವಾಮಿ. ನೀವು ಬೆಳಗಾವಿಯ ತಂಪಿನಲ್ಲಿ ಕೂತು ಪರೀಕ್ಷೆ ಮಾಡಿದ್ದೀರಿ. ನಾನು ಬರೆಯುತ್ತಿರುವುದು ವಿಜಯಪುರದಿಂದ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಬಿಸಿ ಜಾಸ್ತಿಯಾದರೆ ಫೋನಿನ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಗ ನಾಯಿ ಎಮ್ಮೆಯಾಗುತ್ತದೆ. ನಿಮ್ಮ ಕೋಣೆಯಲ್ಲಿ ಹುಡುಕಿದರೆ ಈ ದೋಷ ಸಿಗುವುದಿಲ್ಲ. ಇಂಡಿ, ಸಿಂದಗಿಯ ಯಾವುದೋ ಹುಡುಗನ ಹಳೇ ಫೋನಿನಲ್ಲೇ ಸಿಗಬೇಕು.

ಈಗ ಹಕ್ಕಿನ ಪ್ರಶ್ನೆ. ಪುಕ್ಕಟೆ ಆಡುವವರಿಗೆ ಏನು ಹಕ್ಕು?

ಪೂರ್ತಿ ಪುಕ್ಕಟೆ ಅಂದಿರಿ. ನಾಯಿ ಮೂರು ಸಲ ಬಿದ್ದ ಮೇಲೆ ಒಂದು ಜಾಹೀರಾತು ಬರುತ್ತದಲ್ಲ, ಅದು ಯಾರ ಡೇಟಾ, ಯಾರ ಬ್ಯಾಟರಿ, ಯಾರ ಅರ್ಧ ನಿಮಿಷ? ಜಾಹೀರಾತು ಹಾಕಬೇಡಿ ಅಂತ ಹೇಳುತ್ತಿಲ್ಲ. ನಮ್ಮ ಪತ್ರಿಕೆಯೂ ಜಾಹೀರಾತಿನಿಂದಲೇ ಉಸಿರಾಡುತ್ತಿದೆ. ರೂಪಾಯಿ ಕೊಡದವರೂ ಏನೋ ಒಂದು ಕೊಡುತ್ತಾರೆ ಅಂದೆ ಅಷ್ಟೇ. ದೊಡ್ಡ ಆಟಗಳಲ್ಲಿ ಇದು ಇನ್ನೂ ನಿಚ್ಚಳ. ಬಿಜಿಎಮ್ಐ ಅನ್ನುವ ಗುಂಡಿನ ಕಾಳಗದ ಮೊಬೈಲ್ ಆಟದಲ್ಲಿ ಒಂದು ಪಂದ್ಯಕ್ಕೆ 100 ಜನ ವಿಮಾನದಿಂದ ಧುಮುಕುತ್ತಾರೆ. ದುಡ್ಡು ಕೊಟ್ಟು ಬಣ್ಣದ ಅಂಗಿ ತೊಟ್ಟವರು ಅದರಲ್ಲಿ ಕೆಲವರು. ಪುಕ್ಕಟೆ ಆಡುವವರು ಬರದಿದ್ದರೆ ಆ ಅಂಗಿಯನ್ನು ಯಾರಿಗೆ ತೋರಿಸುವುದು?

'ಬೇಡವಾದರೆ ಆಡಬೇಡಿ' ಅನ್ನುವ ಮಾತಿಗೆ ಉತ್ತರ ನನಗೆ ಸಿಕ್ಕಿದ್ದು ಗಾಂಧಿ ಚೌಕದ ಹತ್ತಿರ ನಾನು ಊಟ ಮಾಡುವ ಖಾನಾವಳಿಯಲ್ಲಿ. ಒಬ್ಬ ಗಿರಾಕಿ ದಿನಾ ಗೊಣಗುತ್ತಾನೆ. ರೊಟ್ಟಿ ದಪ್ಪ ಆಗ್ಯಾವ, ಎಣಗಾಯಿಗೆ ಉಪ್ಪು ಕಮ್ಮಿ. ಅವನಿಗೆ ಯಾಕೆ ಬಡಿಸುತ್ತೀರಿ ಅಂತ ಮಾಲೀಕರನ್ನು ಕೇಳಿದೆ. 'ಸಾಹೇಬ್ರ, ಉಪ್ಪು ಕಮ್ಮಿ ಅಂದಾಂವ ನಾಳಿಗೂ ಬರ್ತಾನ. ಸುಮ್ನ ಕೈ ತೊಳ್ಕೊಂಡು ಹೋದಾಂವ ಬರಂಗಿಲ್ಲ' ಅಂದರು. ನಿಮ್ಮ ಆಟ ಬೇಡ ಅನಿಸಿದವರು ಅಳಿಸಿ ಹಾಕಿ ಹೋಗಿರುತ್ತಾರೆ. ಅದಕ್ಕೆ ಎರಡು ಸೆಕೆಂಡು ಸಾಕು. ಕೂತು ಕನ್ನಡ ಟೈಪ್ ಮಾಡಿದವರು ಇನ್ನೂ ನಿಮ್ಮ ಪಂಕ್ತಿಯಲ್ಲೇ ಇದ್ದಾರೆ.

ಈ ಗೊಣಗುವಿಕೆಯಿಂದ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ. ಜಿಟಿಎ ಆನ್‌ಲೈನ್ ಅನ್ನುವ ಆಟ ಶುರುವಾದದ್ದು 2013ರಲ್ಲಿ. ಅದು ತೆರೆದುಕೊಳ್ಳಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಚಹಾ ಮಾಡಿ ಕುಡಿದು ಬರಬಹುದಿತ್ತು. ವರ್ಷಗಟ್ಟಲೆ ಜನ ಗೊಣಗಿದರು, ಏನೂ ಬದಲಾಗಲಿಲ್ಲ. ಆಟ ಅಷ್ಟು ದೊಡ್ಡದು, ತಡವಾಗುವುದು ಸಹಜ ಅಂತ ಎಲ್ಲರೂ ಅಂದುಕೊಂಡರು. 2021ರಲ್ಲಿ ಒಬ್ಬ ಆಟಗಾರ ತಲೆ ಕೆಡಿಸಿಕೊಂಡು ಒಳಗೆ ಇಣುಕಿದ. ಅವನ ಕಂಪ್ಯೂಟರಿನಲ್ಲಿ ಆಟ ತೆರೆಯಲು ಸುಮಾರು 6 ನಿಮಿಷ ಬೇಕಿತ್ತು. ಕಾರಣ ಏನು ಗೊತ್ತಾ? ಆಟದೊಳಗೆ ಕೊಳ್ಳಬಹುದಾದ ವಸ್ತುಗಳ ಒಂದು ಪಟ್ಟಿ. ಸುಮಾರು 10 ಎಂಬಿ, ಅದರಲ್ಲಿ 63,000ದಷ್ಟು ವಸ್ತು. ಆ ಪಟ್ಟಿಯ ಒಂದೊಂದು ತುಣುಕು ಓದುವಾಗಲೂ ಪ್ರೋಗ್ರಾಮ್ ಪಟ್ಟಿಯ ಕೊನೆಯವರೆಗೆ ಹೋಗಿ ಇನ್ನೆಷ್ಟು ಉಳಿದಿದೆ ಅಂತ ಎಣಿಸಿ ಬರುತ್ತಿತ್ತು. ಒಂದು ಪದ ಓದಿದಾಗಲೆಲ್ಲ ಇಡೀ ಪುಸ್ತಕದ ಉಳಿದ ಅಕ್ಷರ ಎಣಿಸಿದ ಹಾಗೆ. ಸಾಲದು ಅಂತ, ಹೊಸ ವಸ್ತು ಸಿಕ್ಕಾಗಲೆಲ್ಲ ಇದು ಮೊದಲೇ ಬಂದಿದೆಯಾ ಅಂತ ಹಿಂದಿನದನ್ನೆಲ್ಲ ಒಂದೊಂದಾಗಿ ತಿರುವಿ ನೋಡುತ್ತಿತ್ತು. ಅವನು ಇವೆರಡನ್ನೂ ಸರಿಮಾಡಿದ. ಕಾಯುವ ಸಮಯ ಸುಮಾರು 70% ಇಳಿಯಿತು. ಕಂಪನಿ ಒಪ್ಪಿಕೊಂಡಿತು, ಮಾರ್ಚ್‌ನಲ್ಲಿ ಆಟವನ್ನು ತಿದ್ದಿತು, ಅವನಿಗೆ 10,000 ಡಾಲರ್ ಕೊಟ್ಟಿತು.

ಇದನ್ನು ಹೇಳುವವರು ಆ ಒಬ್ಬ ಜಾಣನನ್ನು ಹೊಗಳಿ ನಿಲ್ಲಿಸುತ್ತಾರೆ. ನನಗೆ ಅವನಿಗಿಂತ ಮುಂಚೆ ಗೊಣಗಿದವರ ಮೇಲೆ ಪ್ರೀತಿ. ಅವರಿಗೆ ಕಾರಣ ಗೊತ್ತಿರಲಿಲ್ಲ. 'ಲೋಡ್ ಆಗಲು ತಡ' ಅಂದರು, ಅಷ್ಟೇ. ಅವರು ಅಂದದ್ದು ಮೊದಲ ದಿನದಿಂದಲೂ ನಿಜವಾಗಿತ್ತು.

ಆದರೆ ಆಟಗಾರರು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಎಲ್ಲಿ ನೋಯುತ್ತದೆ ಅಂತ ಸರಿಯಾಗಿ ಹೇಳುತ್ತಾರೆ, ಔಷಧ ಮಾತ್ರ ತಪ್ಪು ಹೇಳುತ್ತಾರೆ. ನಿಮ್ಮ 22ರಲ್ಲಿ ಐದು ಜನ 'ಮೂರು ಜೀವ ಸಾಲದು, ಐದು ಕೊಡಿ' ಅಂದಿದ್ದಾರೆ. ಕೊಡಬೇಡಿ. ನಾನು ಆಡಿ ನೋಡಿದೆ. ಹಾರುವ ಬಟನ್ ಪರದೆಯ ತೀರಾ ಅಂಚಿನಲ್ಲಿದೆ. ಈಗಿನ ಫೋನುಗಳಲ್ಲಿ ಅಂಚಿನಿಂದ ಬೆರಳು ಸರಿಸಿದರೆ ಹಿಂದಿನ ಪುಟಕ್ಕೆ ಹೋಗುತ್ತದೆ. ನಾಯಿ ಹಾರಬೇಕಾದ ಹೊತ್ತಿಗೆ ಆಟವೇ ನಿಲ್ಲುತ್ತದೆ, ಮತ್ತೆ ಬಂದಾಗ ನಾಯಿ ಬಾವಿಯಲ್ಲಿ. ಬಟನ್ ಒಂದು ಬೆರಳಗಲ ಒಳಗೆ ತನ್ನಿ, ಮೂರು ಜೀವ ಧಾರಾಳ ಸಾಕು.

ಆಟಗಾರರ ಮಾತಿಗೆ ನೆಟ್ಟಗೆ ಕುರ್ಚಿ ಹಾಕಿಕೊಟ್ಟವರೂ ಇದ್ದಾರೆ. ಐಸ್‌ಲ್ಯಾಂಡಿನ ಕಂಪನಿಯೊಂದು ನಡೆಸುವ ಬಾಹ್ಯಾಕಾಶದ ಆಟ ಈವ್ ಆನ್‌ಲೈನ್‌ನಲ್ಲಿ ಆಟಗಾರರೇ ಓಟು ಹಾಕಿ ಆರಿಸುವ ಮಂಡಳಿ 2008ರಿಂದ ಇದೆ, ಥೇಟ್ ಗ್ರಾಮ ಪಂಚಾಯತಿ. ಆದರೂ 2011ರಲ್ಲಿ ಅಲ್ಲಿ ದಂಗೆಯೆದ್ದಿತು. ಆಟದೊಳಗಿನ ಅಂಗಡಿಯಲ್ಲಿ ಒಂದು ಒಂಟಿಗಣ್ಣಿನ ಕನ್ನಡಕಕ್ಕೆ 60 ಡಾಲರಿಗೂ ಮೇಲೆ ಬೆಲೆ ಇಟ್ಟಿದ್ದರು. ನಿಜವಾದ ಕನ್ನಡಕಕ್ಕಿಂತ ತುಟ್ಟಿ! ಜನ ತಮ್ಮ ಬಾಹ್ಯಾಕಾಶ ನೌಕೆಗಳನ್ನು ತಂದು ಜೀಟಾ ಅನ್ನುವ ಪೇಟೆಯಲ್ಲಿದ್ದ ಸ್ಮಾರಕಕ್ಕೆ ಗುಂಡು ಹಾರಿಸುತ್ತಾ ನಿಂತರು. ಕಂಪನಿ ಆ ಮಂಡಳಿಯನ್ನು ತನ್ನ ಊರಿಗೆ ಕರೆಸಿ ಮಾತಾಡಿತು. ಅದೇ ವರ್ಷ ಮುಖ್ಯಸ್ಥರು ಕ್ಷಮೆ ಕೇಳಿದರು. ಬೈಯುವ ಜಾಗವನ್ನೂ ಆಟದೊಳಗೇ ಹುಡುಕಿಕೊಂಡ ಆ ಜನ ನನಗೆ ಬಹಳ ಹಿಡಿಸಿದರು.

ಬೈಗುಳದ ಇನ್ನೊಂದು ಮುಖವನ್ನೂ ನಾನು ಮುಚ್ಚಿಡುವುದಿಲ್ಲ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಅನ್ನುವ ಆಟ ಜೂನ್‌ನಿಂದ ಆಗಸ್ಟ್‌ಗೆ ಮುಂದೆ ಹೋಯಿತು. ಅಷ್ಟಕ್ಕೇ ಅದನ್ನು ಮಾಡಿದವರಿಗೆ ಕೊಲೆ ಬೆದರಿಕೆ ಬಂತು. ಆಗಸ್ಟ್‌ನಲ್ಲಿ ಆಟ ಬಂದಾಗ, ಮೊದಲು ಹೇಳಿದ್ದ ಎಷ್ಟೋ ಸಂಗತಿ ಅದರಲ್ಲಿ ಇರಲೇ ಇಲ್ಲ. ಜನ ರೊಚ್ಚಿಗೆದ್ದರು. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಮೊದಲನೆಯದು ಪೊಲೀಸರಿಗೆ ಕೊಡಬೇಕಾದದ್ದು. ಎರಡನೆಯದಕ್ಕೆ ಆ ಚಿಕ್ಕ ತಂಡ ಬಾಯಿಂದ ಉತ್ತರ ಕೊಡಲಿಲ್ಲ. ಸುಮ್ಮನೆ ಕೂತು ವರ್ಷಗಟ್ಟಲೆ ಆಟವನ್ನು ತಿದ್ದಿತು, ಹೊಸದನ್ನು ಪುಕ್ಕಟೆಯಾಗಿ ಸೇರಿಸುತ್ತಾ ಹೋಯಿತು. ಅವತ್ತು ಬೈದ, ಆಟ ಮಾರುವ ಅಂಗಡಿಯಲ್ಲೇ ಇವತ್ತು ಹೊಗಳುವವರು ಜಾಸ್ತಿ.

ನಿಮಗೂ ಆ ದಾರಿ ಇದೆ. ಗೂಗಲ್ ಪ್ಲೇ 2019ರಿಂದ ಹೊಸ ರೇಟಿಂಗ್‌ಗಳಿಗೆ ಹಳೆಯವಕ್ಕಿಂತ ಜಾಸ್ತಿ ತೂಕ ಕೊಡುತ್ತದೆ. ಮೊದಲ ವಾರದ ಒಂದು ಸ್ಟಾರ್‌ಗಳು ಹಣೆಬರಹ ಅಲ್ಲ. ಪ್ರತಿ ಕಾಮೆಂಟಿನ ಕೆಳಗೆ ನೀವು ಉತ್ತರ ಬರೆಯಬಹುದು, ಬರೆದವರು ತಮ್ಮ ಸ್ಟಾರ್ ಬದಲಿಸಬಹುದು. ಒತ್ತಕ್ಷರ ಸರಿಯಾದ ದಿನ ಆ 'ಓದಾಕ ಆಗಂಗಿಲ್ಲ' ಅಂದವರಿಗೇ ಮೊದಲು ತಿಳಿಸಿ. 'ನಮ್ಮ ಫೋನಲ್ಲಿ ಸರಿ ಇದೆ' ಅಂದಿದ್ದನ್ನು ಬದಲಿಸಿ, 'ಯಾವ ಫೋನು, ಎಷ್ಟು ಹೊತ್ತು ಆಡಿದ ಮೇಲೆ' ಅಂತ ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ, ನಾಲ್ಕು ಜನ ಉತ್ತರಿಸುತ್ತಾರೆ. ನಾಲ್ಕು ಬಿಸಿ ಫೋನು ಸಾಕು.

ನಮ್ಮ ಎರಡು ಪುಟ ಮುಂದಿನ ಸಂಚಿಕೆಯಲ್ಲೂ ಇರುತ್ತವೆ. ದೂರು ಬರೆಯುವವರು ಆಟದ ಹೆಸರು, ಫೋನಿನ ಮಾದರಿ, ಎಲ್ಲಿ ಸಿಕ್ಕಿಬಿದ್ದಿರಿ ಅನ್ನುವುದನ್ನು ಬರೆಯಲೇಬೇಕು ಅಂತ ಈ ಸಲ ಸೂಚನೆ ಹಾಕಿದ್ದೇವೆ. ಅದು ನಿಮ್ಮ ಪತ್ರದ ಪುಣ್ಯ. ನೀವು ಒಪ್ಪಿದರೆ ಆಟ ಮಾಡುವವರ ಕಡೆಯಿಂದ ಅಲ್ಲೇ ಅರ್ಧ ಪುಟ ನಿಮಗೆ ಬಿಡುತ್ತೇನೆ. ಬೈಸಿಕೊಂಡವರು ಬರೆದದ್ದನ್ನು ಓದಲು ನಮ್ಮ ಹುಡುಗರಿಗೂ ಕುತೂಹಲ ಇದೆ.

ಅಂದ ಹಾಗೆ, ನಿಮ್ಮ ಆಟಕ್ಕೆ ನಾನು ಮೂರು ಸ್ಟಾರ್ ಕೊಟ್ಟಿದ್ದೇನೆ. ನಾಯಿಗೆ ಎರಡು, ಹಿನ್ನೆಲೆಯಲ್ಲಿ ಬರುವ ಹಲಗೆ ವಾದ್ಯದ ಸದ್ದಿಗೆ ಒಂದು. ನಾನಿನ್ನೂ ಎರಡನೇ ಬಾವಿ ದಾಟಿಲ್ಲ. ಅಕ್ಕನ ಮಗ ದಾಟಿದ್ದಾನೆ, ಮೂರನೆಯದರ ಮುಂದೆ ಇನ್ನೇನೂ ಇಲ್ಲ ಅಂತ ಬೈಯುತ್ತಿದ್ದಾನೆ.

— ಸಂಪಾದಕ